ದೊಡ್ಡಪ್ಪನ ಬಾಲದ ಹುಚ್ಚು

ನಮ್ಮ ದೊಡ್ಡಪ್ಪನಿಗೆ ಎರಡು ಕೆಲಸ: ಗಿರಾಕಿಗಳ ತಲೆಗೂದಲು ಕತ್ತರಿಸುವುದು, ಗಪ್ಪಿ ಮೀನುಗಳ ಬಾಲ ಬೆಳೆಸುವುದು. ಎರಡನೆಯದೆಂದರೆ ಪ್ರಾಣ. ಅವರ ಕ್ಷೌರದಂಗಡಿಯಲ್ಲಿ ಕನ್ನಡಿಯ ಕೆಳಗೇ ಗಾಜಿನ ತೊಟ್ಟಿ. ಹುಟ್ಟಿದ ಮರಿಗಳಲ್ಲಿ ಉದ್ದ ಬಾಲದವನ್ನಷ್ಟೇ ಇಟ್ಟುಕೊಂಡು, ಮಿಕ್ಕವನ್ನು ದಂಡಪಿಂಡಗಳೆಂದು ಬೈದು ಹಿತ್ತಲಿನ ನೀರಿನ ಡ್ರಮ್ಮಿಗೆ ಎಸೆಯುತ್ತಿದ್ದರು.

ಹೀಗೆ ವರ್ಷಗಟ್ಟಲೆ ಆರಿಸಿ ಆರಿಸಿ, ಪರದೆಯಂಥ ಬಾಲದ ಒಂದು ಗಂಡು ಮೀನು ಹುಟ್ಟಿತು. ದೊಡ್ಡಪ್ಪ ಅದನ್ನು ಮಹಾರಾಜ ಎಂದು ಕರೆದರು. ಮಹಾರಾಜರಿಗೋ ಬಾಲದ ಭಾರಕ್ಕೆ ಈಜಲಾಗದು. ಹೆಣ್ಣುಗಳು ತೊಟ್ಟಿಯ ಸುತ್ತ ಹೋಗಿ ಬಂದರೂ ಇವರು ಅರ್ಧ ದಾರಿಯಲ್ಲೇ. ತಿಂಗಳುಗಳಾದರೂ ಒಂದು ಮರಿಯಿಲ್ಲ. ವಂಶ ಇಲ್ಲಿಗೇ ಮುಗಿಯಿತೆಂಬ ಚಿಂತೆಯಲ್ಲಿ ದೊಡ್ಡಪ್ಪನ ಊಟ ಹೋಯಿತು, ನಿದ್ದೆ ಹೋಯಿತು, ಒಬ್ಬ ಗಿರಾಕಿಯ ಅರ್ಧ ಮೀಸೆಯೂ ಹೋಯಿತು.

ನಾನು ಜೀನ್‌ಗಳನ್ನು ಓದುವ ಲ್ಯಾಬಿನಲ್ಲಿರುವವಳು. ನನ್ನನ್ನು ಕರೆಸಿದರು.

"ಶಕ್ತಿಗೆ ಏನಾದ್ರೂ ಔಷಧಿ ಇದ್ಯೇನಮ್ಮ?"

"ಇಲ್ಲ ದೊಡ್ಡಪ್ಪ. ನೀವು ಬಾಲ ನೋಡಿ ಆರಿಸಿದ್ರಿ. ಬಾಲದ ಜೀನ್ ಪಕ್ಕದಲ್ಲಿದ್ದ ಕೆಟ್ಟ ಜೀನ್‌ಗಳೂ ಟಿಕೆಟ್ ಇಲ್ದೆ ಹತ್ಕೊಂಡ್ ಬಂದಿವೆ. ಇಷ್ಟು ಸಣ್ಣ ಗುಂಪಲ್ಲಿ ಯಾವುದು ಉಳಿಯುತ್ತೆ, ಯಾವುದು ಅಳಿಯುತ್ತೆ ಅನ್ನೋದು ಬರೀ ಅದೃಷ್ಟ. ಡ್ರಮ್ಮಿನ ಮೀನು ತಂದು ಬೆರೆಸಿ. ಮೋಟು ಬಾಲದವುಗಳ ಒಳಗೂ ಉದ್ದ ಬಾಲದ ಜೀನ್ ಅಡಗಿರುತ್ತೆ."

"ನಾನು ಎಸೆದಿದ್ದನ್ನ ನಾನೇ ತರಬೇಕಾ?" ಎಂದು ಕೆಂಡವಾದರು. ಆದರೂ ಮರುದಿನ ಬಲೆ ಹಿಡಿದು ಡ್ರಮ್ಮಿನ ಮುಂದೆ ನಿಂತರು. ಅಲ್ಲಿ ಆರಿಸುವ ಕೆಲಸ ಕಾಗೆಗಳದ್ದು. ಬಣ್ಣದವು, ನಿಧಾನದವು ಅವುಗಳ ಹೊಟ್ಟೆ ಸೇರಿ, ಮಣ್ಣು ಬಣ್ಣದ ಚುರುಕು ಪಟಿಂಗರಷ್ಟೇ ಉಳಿದಿದ್ದರು. ದೊಡ್ಡಪ್ಪನಿಗೆ ಒಂದೂ ಒಪ್ಪಿಗೆಯಾಗಲಿಲ್ಲ. ಒಂದರ ಮುಖ ಸರಿಯಿಲ್ಲ, ಇನ್ನೊಂದರ ನಡತೆ ಸರಿಯಿಲ್ಲ.

ಬಟ್ಟೆ ಒಗೆಯಲು ನೀರಿಗೆ ಕಾಯುತ್ತಿದ್ದ ದೊಡ್ಡಮ್ಮನ ತಾಳ್ಮೆ ಕೆಟ್ಟಿತು. ಕಣ್ಣು ಬೇರೆಲ್ಲೋ ಇಟ್ಟು ಮಗ್ಗು ಅದ್ದಿ, ಬಂದಷ್ಟನ್ನು ಅಂಗಡಿಯ ತೊಟ್ಟಿಗೆ ಸುರಿದರು.

"ಸೊಸೆ ಹುಡುಕ್ತಿದ್ದೀರೇನ್ರಿ? ಮುಗೀತು, ಹೋಗಿ ಅಂಗಡಿ ನೋಡ್ಕೊಳ್ಳಿ."

ಅಷ್ಟರಲ್ಲಿ ಮಹಾರಾಜರು ಹೊಟ್ಟೆ ಮೇಲಾಗಿ ತೇಲುತ್ತಿದ್ದರು. ದೊಡ್ಡಪ್ಪ ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕೂತು ಅತ್ತೇ ಬಿಟ್ಟರು. ನನಗೂ ಸಂಕಟವಾಯಿತು.

ಮಗ್ಗಿನಲ್ಲಿ ಬಂದದ್ದು ಎರಡು ಹೆಣ್ಣು, ಒಂದು ಮೋಟು ಬಾಲದ ಗಂಡು. ಸ್ವಲ್ಪ ದಿನದಲ್ಲೇ ತೊಟ್ಟಿಯ ತುಂಬ ಮರಿ, ಎಲ್ಲವೂ ಮೋಟು. ದೊಡ್ಡಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ಎಸೆಯುವ ಉತ್ಸಾಹವೂ ಉಳಿದಿರಲಿಲ್ಲ. ಮರಿಗಳು ಬೆಳೆದವು, ಮರಿ ಹಾಕಿದವು.

ಮೊನ್ನೆ ಒಬ್ಬ ಗಿರಾಕಿ ತಲೆ ಬಗ್ಗಿಸಿದವನು ಕೇಳಿದ, "ಇದು ನಿಮ್ಮ ಮಹಾರಾಜನ ಮಗನಾ?"

ದೊಡ್ಡಪ್ಪ ಬಗ್ಗಿ ನೋಡಿದರು. ಪರದೆಯಂಥ ಬಾಲ ಬೀಸುತ್ತ ಒಂದು ಮೀನು ಹೆಣ್ಣುಗಳ ಹಿಂದೆ ಓಡುತ್ತಿತ್ತು. ಕತ್ತರಿ ಕೆಳಗಿಟ್ಟರು.

"ಅಲ್ಲಪ್ಪ," ಎಂದರು ಮೆಲ್ಲಗೆ. "ಅವನಿಗೆ ಮಕ್ಕಳೇ ಆಗ್ಲಿಲ್ಲ. ಇವನು ನಾನು ಎಸೆದವರ ಮೊಮ್ಮಗ."