ಫೋಟೋಕ್ಕೆ ಮುಂಚೆ ಬೋಲ್ಟು

ಇನ್ನೂ ಬೆಳಕು ಹರಿದಿಲ್ಲ. ತಾರಸಿಯ ಮೇಲೆ ಗಾಜಕ್ಕ ಬಕೆಟ್ಟು ಇಳಿಸಿ ಸೋಲಾರ್ ಫಲಕಗಳ ಮೇಲೆ ಒದ್ದೆ ಬಟ್ಟೆ ಎಳೆಯುತ್ತಾರೆ. "ಬಿಸಿಲೇರಿದ ಮೇಲೆ ತಣ್ಣೀರು ಬಿದ್ರೆ ಗಾಜು ಸೀಳತ್ತೆ," ಎಂದು ಕೆಳಗಿನ ಮನೆಯಿಂದ ಮೇಲೆ ಬಂದ ನನಗೆ ಹೇಳುತ್ತಾರೆ. ತೊಳೆದಾದ ಮೇಲೆ ಸೊಂಟದಿಂದ ಸ್ಪ್ಯಾನರ್ ತೆಗೆದು ಚೌಕಟ್ಟಿನ ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಾರೆ. ಈ ಕೆಲಸ ಅವರಿಗೆ ಯಾರೂ ಹೇಳಿದ್ದಲ್ಲ.

ಫಲಕ ಹಾಕಿಸಿದ ಮಾಲೀಕರಿಗೆ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಒಳ್ಳೆಯದೇ. ಆದರೆ ಆರ್ಥಿಕ ವರ್ಷ ಮುಗಿಯುವುದರೊಳಗೆ ಫಲಕ ತಾರಸಿ ಏರಿರಬೇಕು, ಅದಕ್ಕೆ ಫೋಟೋ ಸಾಕ್ಷಿ. ವರ್ಷವೆಲ್ಲ ಆಕಳಿಸಿದವರು ಕೊನೆಯ ವಾರ ಎದ್ದು ಓಡಾಡುತ್ತಾರೆ. ಹಾಗಾಗಿ ಎಲ್ಲವನ್ನೂ ಸಡಿಲವಾಗಿ ನಿಲ್ಲಿಸಿ ಫೋಟೋ ಕಳಿಸುವುದು ರೂಢಿ. ಬೋಲ್ಟು ಬಿಗಿಯುವುದು ಆಮೇಲೆ.

ಅಂಥದೇ ಒಂದು ವಾರದಲ್ಲಿ ಫಿಟ್ಟರ್ ಆಗಿದ್ದ ಗಾಜಕ್ಕನ ಗಂಡ, ಬೇರೆಯವರು ನಿಲ್ಲಿಸಿಹೋದ ಚೌಕಟ್ಟಿಗೆ ತಮ್ಮ ಸೊಂಟದ ಹಗ್ಗ ಕಟ್ಟಿದರು. ಕಾಲು ಜಾರಿತು. ಚೌಕಟ್ಟೂ ಅವರ ಜೊತೆಗೇ ಬಂತು. ಮಾಲೀಕರಿಗೆ ರಿಯಾಯಿತಿ ಸಿಕ್ಕಿತು, ಹೆಂಡತಿಗೆ ತೊಳೆಯುವ ಕೆಲಸ ಸಿಕ್ಕಿತು.

"ನನಗೂ ರಿಯಾಯಿತಿ ಕೊಟ್ಟಿದಾರೆ, ನಡೆಯೋ ಕಷ್ಟ ಇಲ್ಲ," ಎಂದು ಗಂಡ ಮಲಗಿದಲ್ಲೇ ನಗುತ್ತಾರೆ. ಗಾಜಕ್ಕ ನಗುವುದಿಲ್ಲ.

ಇವತ್ತು ಆರ್ಥಿಕ ವರ್ಷದ ಕೊನೆಯ ದಿನ. ಇದೇ ತಾರಸಿಯ ಇನ್ನೊಂದು ಬದಿಗೆ ಹೊಸ ಫಲಕಗಳು ಬಂದಿವೆ. ಕೂರಿಸುತ್ತಿರುವವನು ಗಾಜಕ್ಕನ ತಮ್ಮ. ಮೇಲ್ವಿಚಾರಕ ಫೋಟೋಕ್ಕೆ ಫೋನು ಎತ್ತುತ್ತಿದ್ದಂತೆ ಗಾಜಕ್ಕ ಬಂದು ಫಲಕಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

"ಏಳಮ್ಮ, ಫೋಟೋದಲ್ಲಿ ನೀನು ಬರ್ತೀಯ."

"ಬರ್ಲಿ ಸಾರ್. ನನ್ನ ಮದುವೇಲೂ ಒಂದು ಫೋಟೋ ತೆಗೀಲಿಲ್ಲ."

"ಬೋಲ್ಟು ನಾಳೆ ಬಿಗೀತಾರೆ. ಕಚೇರಿಗೆ ಇವತ್ತೇ ಕಳಿಸ್ಬೇಕು."

"ನಾಳೆ ನಾಳೆ ಅಂತಾನೇ ನಮ್ಮನೇಲಿ ಒಬ್ರು ಮಲಗಿದಾರೆ."

ತಮ್ಮನಿಗೆ ಮುಜುಗರ. "ಅಕ್ಕಾ, ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ ಕಣೆ."

"ಉಣ್ಣೋಕೆ ನೀನಿರ್ಬೇಕಲ್ಲ. ತಗೋ ಸ್ಪ್ಯಾನರ್."

ಅವನು ಗೊಣಗುತ್ತಲೇ ಬಿಗಿಯುತ್ತಾನೆ. ಕೊನೆಯ ಬೋಲ್ಟು ಮುಗಿದ ಮೇಲೆ ಗಾಜಕ್ಕ ಎದ್ದು, ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರ ಬಿಟ್ಟು ಎಳೆಯುತ್ತಾರೆ. ಅದು ಅಲುಗುವುದಿಲ್ಲ. ಆಮೇಲೆ ಬದಿಗೆ ಸರಿಯುತ್ತಾರೆ. ಫೋಟೋದಲ್ಲಿ ಫಲಕಗಳು ಫಳಫಳ ಹೊಳೆಯುತ್ತವೆ, ಮನುಷ್ಯರಿಲ್ಲ.

"ನಾಳೆಯಿಂದ ನೀನು ಬರಬೇಡಮ್ಮ," ಎನ್ನುತ್ತಾರೆ ಮೇಲ್ವಿಚಾರಕ, ಫೋನಿನಿಂದ ತಲೆ ಎತ್ತದೆ.

ಗಾಜಕ್ಕ ಬಕೆಟ್ಟು ಹಿಡಿದು ಮೆಟ್ಟಿಲಿಳಿಯುವಾಗ, ಕೆಲಸ ಹೋಯಿತಲ್ಲ ಎಂದು ಕೇಳುತ್ತೇನೆ.

"ಹೋಯ್ತು," ಎನ್ನುತ್ತಾರೆ. "ನಾಳೆ ವೈರು ಎಳೆಯೋವಾಗ ನನ್ನ ತಮ್ಮ ಹಗ್ಗ ಕಟ್ಟೋದು ಅದೇ ಚೌಕಟ್ಟಿಗೆ. ನಾನೇ ಎಳೆದು ನೋಡಿದೀನಿ."