ತಲೆಯ ಮೇಲಿನ ಜಾಗ

ಮೊನ್ನೆ ಉಪ್ಪಿನಕಾಯಿಗೆಂದು ವಿನೆಗರ್ ಬಾಟಲಿಯ ಮುಚ್ಚಳ ತೆಗೆದೆ. ಆ ಹುಳಿ ವಾಸನೆಗೆ ನ್ಯಾಮತಿಯ ಸ್ಟುಡಿಯೋ ನೆನಪಾಯಿತು. ಅಲ್ಲಿ ಫೋಟೋ ತೊಳೆಯುವ ತಟ್ಟೆಗಳಿಂದ ಇದೇ ವಾಸನೆ ಬರುತ್ತಿತ್ತು...

ಸ್ಟುಡಿಯೋ ಚಾಚಾ ಅಪ್ಪನ ಟೈಲರ್ ಅಂಗಡಿಯ ಪಕ್ಕದವರು. ಮದುವೆ ಫೋಟೋ ತೆಗೆದ ಮೇಲೆ ರೀಲಿನಲ್ಲಿ ಎರಡೋ ಮೂರೋ ಫೋಟೋಗೆ ಜಾಗ ಉಳಿಯುತ್ತಿತ್ತು. ಅದನ್ನು ಬೀದಿಗೆ ಮೀಸಲಿಡುವುದು ಅವರ ಪದ್ಧತಿ. ಗೋಡೆಗೆ ಒರಗಿದ ಸೈಕಲ್, ವೀಳ್ಯದೆಲೆಯ ಬುಟ್ಟಿ, ಬಸ್ಸಿಗೆ ಕಾದು ಕೂತ ಗೋವಿನಕೋವಿಯ ಅಜ್ಜಿ... ಪಿಯುಸಿ ಫೇಲಾಗಿ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ ನನಗೂ ಆಗಾಗ ಕ್ಯಾಮೆರಾ ಕೊಡುತ್ತಿದ್ದರು.

"ಎಲ್ಲಾ ನಡುವೆನೇ ಇಡ್ತೀಯಲ್ಲಮ್ಮ, ಪಾಸ್‌ಪೋರ್ಟ್ ಫೋಟೋನಾ ಇದು? ಪಕ್ಕಕ್ಕೆ ಸರಿಸು. ಅವರು ನೋಡೋ ಕಡೆ ಜಾಗ ಬಿಡು" ಎನ್ನುತ್ತಿದ್ದರು ಚಾಚಾ.

ಆ ಕ್ಯಾಮೆರಾದಲ್ಲಿ ಕಣ್ಣಿಡುವ ಕಿಂಡಿ ಲೆನ್ಸಿಗಿಂತ ಮೇಲಿತ್ತು. ಅದಕ್ಕೇ ಇನ್ನೊಂದು ಮಾತು ಸೇರಿಸುತ್ತಿದ್ದರು: "ಹತ್ರ ಹೋದ್ರೆ ತಲೆ ಮೇಲೆ ಜಾಸ್ತಿ ಜಾಗ ಇಟ್ಕೋ. ಕಣ್ಣಿಗೆ ಕಂಡಿದ್ದೆಲ್ಲಾ ಬರಾಕಿಲ್ಲ."

ಅಪ್ಪನನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ರೀಲಿನಲ್ಲಿ ಒಂದೇ ಫೋಟೋಗೆ ಜಾಗ ಉಳಿದಿತ್ತು. ಮನೆಯಲ್ಲಿ ಅಪ್ಪನ ಫೋಟೋ ಒಂದೂ ಇರಲಿಲ್ಲ. ಚಾಚಾ ಕ್ಯಾಮೆರಾ ನನ್ನ ಕೈಗಿಟ್ಟರು.

"ಬೇಗ ತೆಗಿಯವ್ವ, ಗಿರಾಕಿ ಬಂದ್ರೆ ನಗಾಕಿಲ್ಲ ನಾನು" ಎಂದರು ಅಪ್ಪ, ಮಿಷನ್ನಿನ ಮುಂದೆ ಕೂತು.

ಅವರನ್ನು ಪಕ್ಕಕ್ಕಿಟ್ಟೆ. ಬಾಗಿಲ ಬೆಳಕಿನ ಕಡೆ ಜಾಗ ಬಿಟ್ಟೆ. ನಗು ಚೆನ್ನಾಗಿ ಕಾಣಲೆಂದು ಇನ್ನಷ್ಟು ಹತ್ತಿರ ಹೋಗಿ ಒತ್ತಿದೆ.

ಅಪ್ಪ ಆಸ್ಪತ್ರೆಯಿಂದ ಮರಳಲಿಲ್ಲ. ಫೋಟೋದಲ್ಲಿ ಬಟ್ಟೆ, ಕತ್ತರಿ, ಚಕ್ರದ ಮೇಲಿಟ್ಟ ಕೈ, ಬೆಳಕು ಎಲ್ಲ ಬಂದಿತ್ತು. ಕತ್ತಿನಿಂದ ಮೇಲೆ ಇರಲಿಲ್ಲ.

"ತಲೆನೇ ಇಲ್ವಲ್ಲೇ, ಹಾರ ಎಲ್ಲಿಗೆ ಹಾಕಾಕೆ ಬರ್ತೈತೆ?" ಎಂದು ದೊಡ್ಡಪ್ಪ ಎಲ್ಲರೆದುರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಚಾಚಾ ಎದ್ದು ನಿಂತರು. "ತಪ್ಪು ನಂದೈತ್ರೀ. ಹತ್ರದಿಂದ ಹೆಂಗೆ ತೆಗಿಬೇಕು ಅಂತ ನಾನು ಹೇಳೇ ಇರ್ಲಿಲ್ಲ. ಹುಡುಗಿನ ಬೈಬ್ಯಾಡ್ರಿ."

ನಾನು ಸುಮ್ಮನೆ ಕೂತೆ. ಅಮ್ಮ ಅದನ್ನೇ ನಂಬಿ ಬಹಳ ದಿನ ಅವರ ಜೊತೆ ಮಾತು ಬಿಟ್ಟಳು. ಚಾಚಾ ಹಳೆಯ ನೆಗೆಟಿವ್‌ಗಳನ್ನೆಲ್ಲ ಕಿಟಕಿಗೆ ಹಿಡಿದು ಅಪ್ಪನ ಮುಖ ಹುಡುಕಿದರು. ಅಷ್ಟು ಮದುವೆಗಳಿಗೆ ಬಟ್ಟೆ ಹೊಲಿದ ಅಪ್ಪ ಒಂದು ಫೋಟೋದಲ್ಲೂ ನಿಂತಿರಲಿಲ್ಲ.

ಮದುವೆಯಾಗಿ ಚನ್ನಗಿರಿಗೆ ಬಂದೆ. ಊರಿಗೆ ಹೋದಾಗಲೆಲ್ಲ ನಿಜ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಚಹಾ ಕುಡಿದು ಬರುತ್ತಿದ್ದೆ... ಅಮ್ಮ ಹೋದಳು. ಹೋದ ತಿಂಗಳು ಚಾಚಾನೂ ಹೋದರು.

ಮೊನ್ನೆ ಆ ಬಾಟಲಿಯ ಮುಚ್ಚಳ ಹಾಕಿ ನ್ಯಾಮತಿಯ ಬಸ್ಸು ಹತ್ತಿದೆ. ಚಾಚಾನ ಹೆಂಡತಿ ಚಾಚಿಯ ಮುಂದೆ ಕೂತು ಎಲ್ಲ ಹೇಳಿದೆ: ಅವರು ಹೇಳಿದ್ದರು, ನಾನೇ ಮರೆತೆ.

"ಇಷ್ಟು ವರ್ಷ ಇದನ್ನ ಹೊತ್ಕೊಂಡಿದ್ಯೇನಮ್ಮ?" ಎಂದಳು ಚಾಚಿ. "ಅವರಿಗೆ ಹೇಳಿದ್ರೂ ಒಪ್ತಿರ್ಲಿಲ್ಲ ಬಿಡು. ವಾದ ಮಾಡಾಕೆ ಕೂತಿರೋರು. ಹಟಮಾರಿ ಮನುಷ್ಯ."

ಇಬ್ಬರಿಗೂ ನಗು ಬಂತು. ಅವರು ಒಳಗಿಂದ ಎದ್ದು ಬಂದು ವಾದಕ್ಕೆ ಕೂತಿದ್ದರೆ, ಈ ಸಲ ನಾನು ಸೋಲುತ್ತಿರಲಿಲ್ಲ.