ಫ್ರಿಜ್ಜಿನ ಮೇಲಿನ ಟರ್ಕಿ

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು. ಹತ್ತಿರದವರಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು ಅನ್ನುವುದು ಬೇರೆ ಮಾತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾವು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದೆ ಒಂದು ಫ್ಲಾಟನ್ನು ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡಿದ್ದೆವು. ಅವರಿಗೊಂದು ರೂಮು, ನಮಗೊಂದು ರೂಮು. ಅಡುಗೆಮನೆ, ಫ್ರಿಜ್ಜು, ಟೆಲಿಫೋನು ಎರಡೂ ಮನೆಗೆ ಸೇರಿದ್ದು. ಅವರು ಮೈಸೂರಿನವರು, ನಾವು ಮಂಡ್ಯದ ಕಡೆಯವರು. ಆಕೆ ನನಗಿಂತ ನಾಲ್ಕು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ನಾನು ಹುಳಿ ಮಾಡಿದ ದಿನ ಪಲ್ಯ ಅವಳದು. ನನ್ನ ಮಗಳಿಗೆ ಸೀತಾಳೆ ಸಿಡುಬು ಎದ್ದಾಗ ನನ್ನಷ್ಟೇ ಅವಳೂ ಪಕ್ಕದಲ್ಲಿ ಕೂತಿದ್ದಳು. ಆ ಊರಿನಲ್ಲಿ ನನಗೆ ಗೆಳತಿ ಅಂತ ಇದ್ದವಳು ಅವಳೊಬ್ಬಳೇ. ಅದು ಚೆನ್ನಾಗಿ ಗೊತ್ತಿದ್ದೂ ನಾನು ಆ ಕೆಲಸ ಮಾಡಿದೆ.

ನಮ್ಮಂಥವರಿಗೆ ರಜೆ ಅಂದರೆ ಊರು, ಅಷ್ಟೇ. ನಮ್ಮ ಮನೆಯವರ ಪಾಸ್‌ಪೋರ್ಟು ಅವರ ಕಂಪನಿಯ ತಿಜೋರಿಯಲ್ಲಿರುತ್ತಿತ್ತು. ಊರಿಗೆ ಹೊರಟಾಗ ಸಹಿ ಹಾಕಿ ತರಬೇಕು, ಬಂದ ಮರುದಿನವೇ ಒಪ್ಪಿಸಬೇಕು. ಅವಳ ಗಂಡನದ್ದೋ, ಮನೆಯಲ್ಲೇ, ಡ್ರಾಯರಿನಲ್ಲಿ, ಅವಳ ಬಳೆಗಳ ಪಕ್ಕದಲ್ಲಿ! ಮೊದಲಿಂದಲೂ ಆ ಡ್ರಾಯರು ನನ್ನ ಕಣ್ಣು ಕುಕ್ಕುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಸಂಜೆ ಅವಳು ಅಡುಗೆಮನೆಗೆ ಬಂದು ದನಿ ತಗ್ಗಿಸಿದಳು.

"ಅಕ್ಕ, ನಾವು ಟರ್ಕಿಗೆ ಹೋಗ್ತಿದೀವಿ. ಹತ್ತು ದಿನದ ಟೂರು. ಮೈಸೂರಲ್ಲಿ ಹೇಳಿಲ್ಲ. ಮೈದುನನ ಗೃಹಪ್ರವೇಶಕ್ಕೆ ಲೀವ್ ಸಿಗ್ಲಿಲ್ಲ ಅಂದ್ಬಿಟ್ಟಿದೀವಿ. ಫೋನ್ ಬಂದ್ರೆ ನೀವೇ ಏನಾದ್ರೂ ಹೇಳಿ ಸುಧಾರಿಸ್ಬೇಕು."

"ಅಯ್ಯೋ, ಆರಾಮಾಗಿ ಹೋಗ್ಬನ್ನಿ, ನಾನಿದೀನಲ್ಲ" ಎಂದೆ. ಆ ರಾತ್ರಿ ಅನ್ನ ಸೇರಲಿಲ್ಲ.

ಅಕಸ್ಮಾತ್ ಬೇಕಾದರೆ ಹೋಟೆಲುಗಳ ನಂಬರು ಇರಲಿ ಎಂದು ಅವಳು ಟೂರಿನ ದಿನವಾರು ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋದಳು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಬೆಳಿಗ್ಗೆ ಹಾಲಿಗೆ ಹೋದರೆ ಇಸ್ತಾಂಬುಲ್, ಮಧ್ಯಾಹ್ನ ಮೊಸರಿಗೆ ಹೋದರೆ ಇಸ್ತಾಂಬುಲ್. ಎರಡನೇ ದಿನ ದೋಣಿ ವಿಹಾರ, ಒಂದು ದಡ ಯುರೋಪು, ಇನ್ನೊಂದು ದಡ ಏಷ್ಯಾ ಎಂದು ಬರೆದಿತ್ತು. ಒಬ್ಬಳಿಗೆ ಒಂದೇ ಮಧ್ಯಾಹ್ನ ಎರಡು ಖಂಡ ಬೇಕೇ? ನನ್ನ ಕಿಟಕಿಯಲ್ಲಿ ಎದುರು ಬಿಲ್ಡಿಂಗಿನ ಏಸಿಗಳು ನೀರು ತೊಟ್ಟಿಕ್ಕುತ್ತಿದ್ದವು.

ದೋಣಿ ವಿಹಾರದ ಆ ದಿನವೇ ಶುಕ್ರವಾರ, ಅಲ್ಲಿನ ವಾರದ ರಜೆ. ಶುಕ್ರವಾರ ಬೆಳಿಗ್ಗೆ ಊರಿಗೆ ಫೋನ್ ಮಾಡುವುದು ಅಲ್ಲಿ ನಮ್ಮೆಲ್ಲರಿಗೂ ಸ್ನಾನದಷ್ಟೇ ಕಡ್ಡಾಯ. ಮಗನ ಫೋನ್ ಬರಲಿಲ್ಲವೆಂದು ಸಂಜೆ ಅವಳ ಅತ್ತೆಯೇ ಮಾಡಿದರು. ಕಲಿಸಿಕೊಟ್ಟ ಪಾಠ ಒಪ್ಪಿಸಿದೆ: "ಆಫೀಸ್ ಕೆಲಸಕ್ಕೆ ದುಬೈಗೆ ಹೋಗಿದಾರಮ್ಮ, ಅವಳೂ ಜೊತೆಗೆ ಹೋಗಿದಾಳೆ."

"ಪಾಪ, ರಜಾ ದಿನಾನೂ ಬಿಡಲ್ವಾ" ಎಂದರು ಅವರು.

ಪಾಪವಂತೆ! ಆ ಹೊತ್ತಿಗೆ ಪಾಪದವಳು ದೋಣಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಳು.

ಸೋಮವಾರದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಕೆಳಗಿನ ಟ್ರಾವೆಲ್ಸಿಗೆ ಹೋಗಿ, ನಾವೂ ಟರ್ಕಿಗೆ ಹೊರಟವರೇ ಎಂದು ಸುಳ್ಳು ಹೇಳಿ, ಬಣ್ಣದ ಪುಸ್ತಿಕೆ ಇಸಿದುಕೊಂಡೆ. ಕೌಂಟರಿನ ಮಲಯಾಳಿ ಹುಡುಗಿ ನಗುನಗುತ್ತಾ "ಪಾಸ್‌ಪೋರ್ಟ್ ಕಾಪಿ ಲಾಯಾ ಮೇಡಂ?" ಎಂದಳು. ತರಲು ಅದು ಕಂಪನಿಯ ತಿಜೋರಿಯಲ್ಲಿತ್ತು. ಪುಸ್ತಿಕೆ ಎತ್ತಿಕೊಂಡು ಎದ್ದು ಬಂದೆ. ಆಮೇಲೆ ಒಲೆಯ ಮೇಲೆ ಸಾರು ಕುದಿಯುವಾಗೆಲ್ಲ ಆ ಪುಸ್ತಿಕೆಯೇ ಕೈಯಲ್ಲಿ. ಕಪಡೋಕಿಯಾದಲ್ಲಿ ಬಂಡೆ ಕೊರೆದು ಮಾಡಿದ ಕೋಣೆಗಳಲ್ಲಿ ಮಂಚ ಹಾಕಿದ್ದರು, ಆಕಾಶದ ತುಂಬ ಬಲೂನು. ಕೊನ್ಯಾದಲ್ಲಿ ಹಸಿರು ಗೋಪುರ. ಪಾಮುಕ್ಕಲೆಯಲ್ಲಂತೂ ಹಾಲು ಉಕ್ಕಿ ಗುಡ್ಡದ ಮೈಮೇಲೆಲ್ಲ ಹರಿದು ಅಲ್ಲೇ ಕೆನೆಗಟ್ಟಿದ ಹಾಗಿತ್ತು. ಆ ಬಿಳುಪಿನ ಮೇಲೆ ಜನ ಬರಿಗಾಲಲ್ಲಿ ನಡೆಯುತ್ತಿದ್ದರು. ಅವಳ ಒಡೆದ ಹಿಮ್ಮಡಿಯನ್ನು ಅಲ್ಲಿ ಇಟ್ಟು ನೋಡಿದೆ. ಮೈಯೆಲ್ಲ ಉರಿಯಿತು.

ಎರಡನೇ ಶುಕ್ರವಾರ, ಗೃಹಪ್ರವೇಶದ ದಿನ, ಅವಳ ಅತ್ತೆ ಮತ್ತೆ ಫೋನ್ ಮಾಡಿದರು. ಪೂಜೆ ಚೆನ್ನಾಗಾಯಿತು, ಇನ್ನೂರು ಎಲೆ ಎದ್ದಿತು ಎಂದರು. "ಅವರಿಬ್ರೇ ಇರ್ಲಿಲ್ಲ. ಪಾಪ, ಆ ಹುಡುಗಿ ಇನ್ನೂ ಆ ದುಬೈನಲ್ಲೇ ಒಬ್ಳೇ ಕೂತು ಅಳ್ತಿರ್ತಾಳೋ ಏನೋ. ಒಬ್ಬಟ್ಟು ಎತ್ತಿಟ್ಟಿದೀನಿ, ಯಾರಾದ್ರೂ ಬರೋರಿದ್ರೆ ಹೇಳಮ್ಮ, ಕಳಿಸ್ತೀನಿ."

ಟರ್ಕಿಯೂ ಅವಳಿಗೆ, ಒಬ್ಬಟ್ಟೂ ಅವಳಿಗೆ.

"ಅವಳಿಗ್ಯಾಕಮ್ಮ ಪಾಪ! ಟರ್ಕಿ ನೋಡೋಕೆ ಹೋಗಿದಾರೆ. ನಿಮಗೆ ಹೇಳಿಲ್ವಾ?" ಎಂದೆ, ಆಶ್ಚರ್ಯ ಸುರಿಸುತ್ತಾ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಫೋನಿನ ವೈರನ್ನು ಅಡುಗೆಮನೆಯವರೆಗೆ ಎಳೆದುಕೊಂಡು ಹೋಗಿ, ಫ್ರಿಜ್ಜಿನ ಮುಂದೆ ನಿಂತು, ಪಟ್ಟಿಯನ್ನು ಮೊದಲ ದಿನದಿಂದ ಓದಿದೆ. ಬಂಡೆಯೊಳಗಿನ ಹೋಟೆಲು, ಬಲೂನು, ಬಿಳಿ ಗುಡ್ಡ ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದೆ. "ಇವತ್ತು ಎಫೆಸಸ್ ಅಂತೆ ಅಮ್ಮ, ಹಳೇ ಪಟ್ಟಣ, ಬರೀ ಅಮೃತಶಿಲೆಯ ಕಂಬಗಳು" ಎನ್ನುವಾಗ ನಾನೇ ನೋಡಿ ಬಂದವಳ ಹುರುಪಿತ್ತು.

ಆ ಕಡೆ ಯಾರೋ ಪಾತ್ರೆ ಜೋಡಿಸುವ ಸದ್ದು.

"ಅಲ್ಲಿ ಚಳಿ ಇರುತ್ತಾ?"

"ಇರುತ್ತಂತೆ."

"ಸ್ವೆಟರ್ ತಗೊಂಡ್ಹೋದ್ಲಾ?"

ಗೊತ್ತಿಲ್ಲ ಎಂದೆ. ಅವರು ಫೋನಿಟ್ಟರು.

ಶನಿವಾರ ಇಬ್ಬರೂ ಬಂದರು. ಪೆಟ್ಟಿಗೆ ಬಿಚ್ಚುವ ಮೊದಲೇ ನನ್ನ ಮಗಳಿಗೆ ಒಂದು ನೀಲಿ ಗಾಜಿನ ಕಣ್ಣು ಕೊಟ್ಟಳು. "ಆ ದೇಶದಲ್ಲಿ ದೃಷ್ಟಿ ತಾಗ್ದಿರ್ಲಿ ಅಂತ ಕಟ್ತಾರಂತೆ ಅಕ್ಕ" ಎಂದಳು. ನಾನು ಅವಳ ಮುಖ ನೋಡಲಿಲ್ಲ. ಆಮೇಲೆ ಅವಳು ಮೈಸೂರಿಗೆ ಫೋನ್ ಮಾಡಿದಳು. ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರೂ ಕೇಳಿಸಿತು: "ಹಾಗಲ್ಲ ಅತ್ತೆ... ಇಲ್ಲ ಅತ್ತೆ... ತಪ್ಪಾಯ್ತು ಅತ್ತೆ." ಅವಳು ಅಡುಗೆಮನೆಗೆ ಬರಲಿಲ್ಲ.

ಮುಂದಿನ ಗುರುವಾರ ಫೋಟೋಗಳು ಬಂದವು. ಸೋಫಾದ ಮೇಲೆ ಆಲ್ಬಮ್ ಬಿಚ್ಚಿ ನಮ್ಮ ಮನೆಯವರನ್ನು ಕರೆದಳು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ನಾನೂ ಕೈ ಒರೆಸಿಕೊಂಡು ಹೋಗಿ ನಿಂತೆ.

"ನೀವು ನೋಡೋದೇನಿದೆ ಅಕ್ಕ" ಎಂದಳು, ತಲೆಯೆತ್ತದೆ. "ಅತ್ತೆಗೆ ಒಂದೂರೂ ಬಿಡ್ದೆ ಹೇಳಿದೀರಂತೆ. ಹೋಗಿ ಬಂದ ನನಗೇ ಅಷ್ಟು ಚೆನ್ನಾಗಿ ಹೇಳೋಕೆ ಬರಲ್ಲ."

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬರಲಿಲ್ಲ. ವಾಪಸ್ಸು ಹೋಗಿ ಹುರುಳಿಕಾಯಿ ಹೆಚ್ಚತೊಡಗಿದೆ. "ವಾವ್ ಆಂಟಿ, ಯು ಸ್ಲೆಪ್ಟ್ ಇನ್ಸೈಡ್ ಎ ರಾಕ್?" ಎಂದು ಮಗಳು ಕಿರುಚುತ್ತಿದ್ದಳು. ಗೆಳತಿ ನಗುತ್ತಾ ಪುಟ ತಿರುಗಿಸಿ ವಿವರಿಸುತ್ತಿದ್ದಳು. ಎರಡು ತಿಂಗಳಲ್ಲಿ ಅವರು ಬೇರೆ ಫ್ಲಾಟಿಗೆ ಹೋದರು. ಆಮೇಲೆ ನಮ್ಮ ನಡುವೆ ಮಾತೇ ಆಗಲಿಲ್ಲ.

ಆಲ್ಬಮ್ ಬಿಚ್ಚಿದ ಆ ಸಂಜೆ ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದದ್ದು ಅದಲ್ಲ. ನನ್ನ ಮಗಳ ಮೇಲೆಯೇ ಹೊಟ್ಟೆಕಿಚ್ಚಾಯಿತು. ಅವಳನ್ನು ಪಕ್ಕಕ್ಕೆ ಸರಿಸಿ ಆ ಗೆಳತಿಗೆ ಒತ್ತಿಕೊಂಡು ನಾನೇ ಕೂರಬೇಕೆನಿಸಿತು.